ಬಾತುಕೋಳಿಯ ಮುಖಪುಟ

ಜೂನ್ 3

ತಮ್ಮಾ,

ಫೋನು ಬಿಟ್ಟು ಕಾಗದ ಬರೆಯುತ್ತಿದ್ದೇನೆ ಎಂದರೆ ಏನೋ ಎಡವಟ್ಟಾಗಿದೆ ಎಂದು ನಿನಗೆ ಈಗಾಗಲೇ ಗೊತ್ತಾಗಿರಬೇಕು. ಫೋನಿನಲ್ಲಿ ಮಾತಾಡಿದರೆ ನಿನ್ನ ಭಾವನಿಗೆ ಕೇಳಿಸುತ್ತದೆ. ಕಣ್ಣು ಕೈಕೊಟ್ಟಷ್ಟೂ ಅವರ ಕಿವಿ ಚುರುಕಾಗುತ್ತಿದೆ. ಅಡುಗೆಮನೆಯಲ್ಲಿ ಚಮಚ ಬಿದ್ದರೆ ಅದು ದೊಡ್ಡದೋ ಚಿಕ್ಕದೋ ಎಂದು ಹೊರಗಿನ ಕೋಣೆಯಿಂದಲೇ ಹೇಳುತ್ತಾರೆ.

ಹೌದು, ಕಣ್ಣಿನ ವಿಷಯವೇ. ಕನ್ನಡಕದ ನಂಬರು ಬದಲಾಗಿದೆ ಎಂದುಕೊಂಡು ಹೋದವರಿಗೆ ಡಾಕ್ಟರು ಬೇರೆಯದೇ ಹೇಳಿದರು. ಕಣ್ಣಿನ ಹಿಂದಿನ ನರ ಒಣಗುತ್ತಾ ಬಂದಿದೆಯಂತೆ. ಆಪರೇಷನ್ನಿಗೆ ಬಗ್ಗುವಂಥದ್ದಲ್ಲ. "ಔಷಧಿ ಹಾಕ್ತಾ ಇರಿ, ಈ ವರ್ಷದ ಕೊನೆವರೆಗೆ ತೊಂದರೆ ಇರಲ್ಲ" ಎಂದರು. ಆಮೇಲೆ ಏನು ಎಂದು ನಾನೂ ಕೇಳಲಿಲ್ಲ, ಅವರೂ ಕೇಳಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿ ಪಕ್ಕ ಕೂತು ದಾರಿಯ ಅಂಗಡಿ ಬೋರ್ಡುಗಳನ್ನೆಲ್ಲ ಒಂದೊಂದಾಗಿ ಗಟ್ಟಿಯಾಗಿ ಓದುತ್ತಾ ಬಂದರು. ಇಪ್ಪತ್ತಮೂರು ವರ್ಷ ವಾರಕ್ಕೊಂದರಂತೆ ಪತ್ರಿಕೆಗೆ ಮುಖಪುಟದ ಚಿತ್ರ ಬರೆದ ಮನುಷ್ಯ. ಪಕ್ಕದ ಸೀಟಿನವರೆಲ್ಲ ತಿರುಗಿ ನೋಡಿದರು.

ನಾಲ್ಕನೆಯ ದಿನ ಟೀ ಕುಡಿಯುತ್ತಾ, "ಪಿಟೀಲನ್ನ ಒಂದ್ಸಲ ನೋಡ್ಬೇಕಿತ್ತು ಕಣೇ" ಎಂದರು.

ಮೂವತ್ತನಾಲ್ಕು ವರ್ಷದಲ್ಲಿ ಅವರ ಬಾಯಲ್ಲಿ ಆ ಹೆಸರು ಕೇಳಿದ್ದು ಅದೇ ಮೊದಲು. ಸದಾ ಒಂದಲ್ಲ ಒಂದು ರಾಗ ಕುಯ್ಯುತ್ತಿದ್ದ ನನ್ನ ಮಗಳಿಗೆ ಆ ಹೆಸರು ಇಟ್ಟವನು ನೀನೇ. ಏಳು ತುಂಬುವ ಮೊದಲೇ ಜ್ವರ ಬಂದು ಒಂದೇ ವಾರದಲ್ಲಿ ಹೋಗಿಬಿಟ್ಟಳು. ಅವಳದೊಂದು ಫೋಟೋ ಇಲ್ಲ. ಸ್ಟುಡಿಯೋಗೆ ಹೋಗೋಣ ಎಂದಾಗಲೆಲ್ಲ ನಿನ್ನ ಭಾವ, "ಕೈಯಲ್ಲಿ ಕುಂಚ ಇರೋವಾಗ ಕ್ಯಾಮೆರಾ ಯಾಕೆ? ಅಡುಗೆಭಟ್ಟನ ಮನೆಗೆ ಹೋಟೆಲ್ ಊಟ ತರಿಸಿದ ಹಾಗೆ" ಎನ್ನುತ್ತಿದ್ದರು. ಅವಳನ್ನು ಬರೆದ ಹಾಳೆಗಳೆಲ್ಲ ಮನೆ ಬದಲಾಯಿಸುವಾಗ ಕಳೆದುಹೋದವು. ಉಳಿದಿರುವುದು ಆ ಒಂದು ಮುಖಪುಟ. ಹಳದಿ ಫ್ರಾಕು ಹಾಕಿಕೊಂಡು, ಮುಂದಿನ ಎರಡು ಹಲ್ಲು ಬಿದ್ದ ಬಾಯಿ ತೆರೆದು ನಗುತ್ತಾ, ಬಾತುಕೋಳಿಯನ್ನು ಕಂಕುಳಲ್ಲಿ ಇರುಕಿಕೊಂಡು ನಿಂತಿದ್ದಾಳಲ್ಲ, ಅದು.

ನೀನು ಸಿಕ್ಕವರೆದುರೆಲ್ಲ ಜಂಬ ಕೊಚ್ಚುತ್ತೀಯಲ್ಲ, "ಭಾವ ಬರೆದ ಸಾವಿರದ ನೂರು ಚಿಲ್ಲರೆ ಮುಖಪುಟದಲ್ಲಿ ನನ್ನ ಹತ್ರ ಇಲ್ಲದ್ದು ಒಂದೂ ಇಲ್ಲ" ಎಂದು. ನಿನ್ನ ಆ ಕಸದ ರಾಶಿಯಿಂದ ಒಂದು ಸಲವಾದರೂ ನಮಗೆ ಉಪಕಾರವಾಗಲಿ. ಆ ಒಂದನ್ನು ಕಳಿಸು. ನೋಡಿ ವಾಪಸು ಮಾಡುತ್ತೇವೆ.

ಅಕ್ಕ

*

ಜೂನ್ 17

ಅಕ್ಕಾ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಇನ್ನೊಬ್ಬ ಡಾಕ್ಟರಿಗೆ ತೋರಿಸಿದಿರಾ? ಈ ಕಾಲದಲ್ಲಿ ಏನೇನೋ ಔಷಧಿ ಬಂದಿದೆ. ವರ್ಷದ ಕೊನೆ ಎಂದರೆ ಇನ್ನೂ ಆರು ತಿಂಗಳಿದೆ. ಭಾವನಿಗೆ ಧೈರ್ಯ ಹೇಳು ಎಂದು ಬರೆಯಲು ಹೊರಟೆ, ಆದರೆ ನಿನಗೆ ಯಾರು ಹೇಳುತ್ತಾರೆ ಎಂದು ನೆನಪಾಗಿ ಪೆನ್ನು ನಿಂತಿತು.

ಕಸದ ರಾಶಿ ಎಂದೆಯಲ್ಲ, ಬೈದದ್ದೇನೂ ಅಲ್ಲ, ಅದು ನಿಜವಾಗಿಯೂ ಕಸವೇ. ಮೂವತ್ತೊಂದು ವರ್ಷ ಲೈಬ್ರರಿಯಲ್ಲಿ ಬೈಂಡರ್ ಆಗಿದ್ದವನು ನಾನು. ಅರ್ಧ ವರ್ಷದ ಇಪ್ಪತ್ತಾರು ಸಂಚಿಕೆ ಸೇರಿಸಿ ಒಂದು ಸಂಪುಟ ಹೊಲಿಯಬೇಕು. ಹೊಲಿಯುವ ಮೊದಲು ಮುಖಪುಟವನ್ನೂ ಜಾಹೀರಾತಿನ ಹಾಳೆಗಳನ್ನೂ ಹರಿದು ಬುಟ್ಟಿಗೆ ಹಾಕಬೇಕು, ದಪ್ಪ ಕಡಿಮೆಯಾಗಲಿ ಎಂದು. ಅದು ಅಲ್ಲಿನ ನಿಯಮ. ಭಾವ ಒಂದು ವಾರ ಕೂತು ಬರೆದದ್ದನ್ನು ಭಾಮೈದ ಒಂದು ಕ್ಷಣದಲ್ಲಿ ಹರಿಯುತ್ತಿದ್ದ. ಆ ಪಾಪ ಕಳೆದುಕೊಳ್ಳಲು ಸಂಜೆ ಬುಟ್ಟಿಯಿಂದ ಹೆಕ್ಕಿ ಮನೆಗೆ ತರುತ್ತಿದ್ದೆ. ಹಾಗೆ ಸೇರಿದ ರಾಶಿ ಇದು. ಈಗ ನಾಲ್ಕು ಬೀರು ತುಂಬಿ ಮಂಚದ ಕೆಳಗೂ ಇದೆ. ಮನೆಯಲ್ಲಿ ನಾನು ಬಾಡಿಗೆಗೆ ಇದ್ದೇನೆಯೇ ಹೊರತು ಯಜಮಾನರು ಅವೇ.

ನೀನು ಕೇಳಿದ್ದು ಖಂಡಿತ ಇದೆ. ಆದರೆ ಒಂದು ತೊಂದರೆ. ವರ್ಷದ ಪ್ರಕಾರ ಇಟ್ಟಿದ್ದನ್ನು ಹೋದ ವರ್ಷ ಬಣ್ಣದ ಪ್ರಕಾರ ಮತ್ತೆ ಜೋಡಿಸಿದೆ. ಕೈಗೆ ಸಿಗಲು ಸ್ವಲ್ಪ ಹೊತ್ತಾಗುತ್ತದೆ. ಆಮೇಲೆ ಅದನ್ನು ಮಡಚುವಂತಿಲ್ಲ, ಸುತ್ತುವಂತಿಲ್ಲ, ಎರಡು ರಟ್ಟಿನ ನಡುವೆ ಇಟ್ಟೇ ಕಳಿಸಬೇಕು. ಎರಡು ವಾರ ತಡೆದುಕೋ.

ತಮ್ಮ

*

ಜುಲೈ 2

ತಮ್ಮಾ,

ಬಣ್ಣದ ಪ್ರಕಾರ ಜೋಡಿಸಿದ್ದರೆ ಹಳದಿ ಬೀರು ತೆಗೆದು ನೋಡು. ಅದಕ್ಕೆ ಎರಡು ವಾರ ಯಾಕೆ ಬೇಕು?

ನೀನು ಚಿಕ್ಕವನಿದ್ದಾಗಲೂ ಹೀಗೇ. ಗಾಜಿನ ಲೋಟ ಒಡೆದು, "ಲೋಟ ಎಲ್ಲೋ ಇದೆ ಅಕ್ಕಾ, ಹುಡುಕ್ತಾ ಇದೀನಿ" ಎಂದು ಮನೆಯಿಡೀ ಓಡಾಡುತ್ತಿದ್ದೆ. ಆ ಓಡಾಟ ನಿನ್ನ ಕಾಗದದಲ್ಲಿ ಕಾಣುತ್ತಿದೆ. ಕೊಡಲು ಮನಸ್ಸಿಲ್ಲದಿದ್ದರೆ ಹಾಗೆಂದು ಬರೆ. ಸಂಗ್ರಹ ಮಾಡುವವರ ಬುದ್ಧಿ ನನಗೆ ಗೊತ್ತಿಲ್ಲದ್ದೇನಲ್ಲ, ಪ್ರಾಣ ಕೇಳಿದರೆ ಕೊಡುತ್ತೀರಿ, ಕಾಗದ ಕೇಳಿದರೆ ಇಲ್ಲ.

ಆರು ತಿಂಗಳಿದೆ ಎಂದು ಲೆಕ್ಕ ಹೇಳಿದೆ. ಮೊನ್ನೆ ನಿನ್ನ ಭಾವ ಜಗ್ಗಿನಿಂದ ಲೋಟಕ್ಕೆ ನೀರು ಬಗ್ಗಿಸಿದರು. ನೀರೆಲ್ಲ ಮೇಜಿನ ಮೇಲೆ. "ಲೋಟ ಯಾರು ಸರಿಸಿದ್ದು?" ಎಂದು ನನ್ನ ಮೇಲೆ ರೇಗಿದರು. ನಾನೇ ಸರಿಸಿದೆ ಎಂದೆ. ಮತ್ತೇನು ಹೇಳಲಿ?

ಬೇಗ ಕಳಿಸು.

ಅಕ್ಕ

*

ಜುಲೈ 10

ಅಕ್ಕಾ,

ಇಗೋ, ಸಿಕ್ಕಿತು. ಹಳದಿ ಫ್ರಾಕು, ಬಾತುಕೋಳಿ, ಎಲ್ಲ ಇದೆ. ರಟ್ಟಿನ ನಡುವೆ ಇಟ್ಟಿದ್ದೇನೆ, ಬಿಚ್ಚುವಾಗ ಕತ್ತರಿ ತಾಗದಂತೆ ನೋಡಿಕೋ. ವಾಪಸು ಕಳಿಸಬೇಕಾಗಿಲ್ಲ, ನಿಮ್ಮ ಹತ್ತಿರವೇ ಇರಲಿ. ಭಾವನಿಗೆ ಬಿಸಿಲಿನಲ್ಲಿ ಕೂತು ನೋಡಲು ಹೇಳಬೇಡ, ಕಣ್ಣಿಗೆ ಆಯಾಸ. ಮಂದ ಬೆಳಕೇ ಒಳ್ಳೆಯದು.

ಹೆಚ್ಚು ಬರೆಯಲು ಬಿಡುವಿಲ್ಲ.

ತಮ್ಮ

*

ಜುಲೈ 22

ತಮ್ಮಾ,

ಅದು ಬಂದ ದಿನ ನಿನ್ನ ಭಾವ ಗಡ್ಡ ಬೋಳಿಸಿಕೊಂಡು, ಒಗೆದ ಅಂಗಿ ಹಾಕಿಕೊಂಡು, ಕುರ್ಚಿಯನ್ನು ತಾವೇ ಕಿಟಕಿಯ ಹತ್ತಿರ ಎಳೆದುಕೊಂಡರು. ನಾನು ಲಕೋಟೆ ಬಿಚ್ಚಿ ಚಿತ್ರವನ್ನು ನೋಡದೆಯೇ ಅವರ ಕೈಗೆ ಕೊಟ್ಟೆ. ಮೊದಲು ಅವರು ನೋಡಲಿ ಎಂದಲ್ಲ. ನನಗೆ ಧೈರ್ಯ ಸಾಲಲಿಲ್ಲ. ಭೂತಗನ್ನಡಿ ಹಿಡಿದು ಫ್ರಾಕಿನಿಂದ ಶುರು ಮಾಡಿ ಬಾತುಕೋಳಿ, ಕೈ, ಕತ್ತು ಎಂದು ನಿಧಾನವಾಗಿ ಮೇಲೆ ಬಂದರು. ಮುಖದ ಹತ್ತಿರ ತುಂಬಾ ಹೊತ್ತು ನಿಂತರು. ಕೊನೆಗೆ, "ಹೌದು, ಇವಳೇ. ಹುಷಾರಾಗಿ ಒಳಗಿಡು" ಎಂದು ವಾಪಸು ಕೊಟ್ಟರು.

ಬೀರುವಿನಲ್ಲಿ ಇಡುವಾಗ ನಾನು ನೋಡಿದೆ. ಈ ಮಗುವಿನ ಬಾಯಲ್ಲಿ ಹಲ್ಲೆಲ್ಲ ಇವೆ. ಮೂಲೆಯಲ್ಲಿ ಅಚ್ಚಾದ ತಾರೀಕು ನಮ್ಮ ಪಿಟೀಲು ಹೋದ ಮುಂದಿನ ವರ್ಷದ್ದು.

ಸಂಜೆ ತಡೆಯಲಾಗದೆ ಅವರನ್ನು ಕೇಳಿದೆ. "ಗೊತ್ತು. ಪ್ರೆಸ್ಸಿನಲ್ಲಿ ಅಚ್ಚು ಜೋಡಿಸ್ತಿದ್ದನಲ್ಲ, ಅವನ ಮಗಳು ಇದು, ಅದೇ ಫ್ರಾಕು, ಬಾತುಕೋಳಿ ಇಟ್ಟು ಮಾರನೇ ವರ್ಷ ಬರೆದದ್ದು. ನಾನು ಬರೆದ ಮುಖ ನಂಗೆ ಗೊತ್ತಾಗಲ್ವೇನೇ? ನಿನ್ನ ತಮ್ಮನಿಗೆ ಹೇಳ್ಬೇಡ. ಪಾಪ, ಅಷ್ಟು ಹುಡುಕಿ ಕಳಿಸಿದಾನೆ" ಎಂದರು.

ಹೇಳಬೇಡ ಎಂದದ್ದನ್ನು ಹೇಳುತ್ತಿದ್ದೇನೆ. ನೀನು ಮರೆತು ಕಳಿಸಿದೆಯೋ, ಇವರಿಗೆ ಹೇಗೂ ಕಣ್ಣು ಕಾಣುವುದಿಲ್ಲ ಎಂದು ಕಳಿಸಿದೆಯೋ? ಮೊದಲನೆಯದಾದರೆ ನೀನೂ ಡಾಕ್ಟರಿಗೆ ತೋರಿಸಿಕೋ. ಎರಡನೆಯದಾದರೆ ನನಗೆ ಏನು ಬರೆಯಬೇಕೋ ತಿಳಿಯುತ್ತಿಲ್ಲ.

ಅಕ್ಕ

*

ಆಗಸ್ಟ್ 2

ಅಕ್ಕಾ,

ಎರಡನೆಯದು. ಬೈಯುವಷ್ಟು ಬೈದುಬಿಡು, ಆಮೇಲೆ ಮುಂದೆ ಓದು.

ಆ ಮುಖಪುಟ ನನ್ನ ಹತ್ತಿರ ಇಲ್ಲ. ಯಾವತ್ತೂ ಇರಲಿಲ್ಲ. ಎಲ್ಲ ಇದೆ ಎಂದು ಮೂವತ್ತು ವರ್ಷ ಜಂಬ ಕೊಚ್ಚಿದ್ದು ಆ ಒಂದರ ವಿಷಯ ಯಾರೂ ಕೇಳಬಾರದು ಎಂದೇ. ನಿನ್ನ ಮೊದಲ ಕಾಗದ ಬಂದ ದಿನದಿಂದ ನಾನು ಬೇರೆ ಪ್ರತಿ ಹುಡುಕದ ಜಾಗವಿಲ್ಲ. ನಮ್ಮ ಹಳೆ ಪತ್ರಿಕೆ ಕೂಡಿಡುವವರ ಪೈಕಿ ಒಬ್ಬನಿದ್ದಾನೆ, ಎಲ್ಲರೂ ಗೆದ್ದಲು ಎನ್ನುತ್ತಾರೆ, ಅವನು ನುಗ್ಗದ ಹಳೆ ಮನೆಯ ಅಟ್ಟವಿಲ್ಲ. ಅವನ ಹತ್ತಿರ ಆ ಸಂಚಿಕೆ ಇತ್ತು. ಓಡಿ ಹೋದೆ. ತೆರೆದು ನೋಡಿದರೆ ಬಾತುಕೋಳಿ ಇದೆ, ಫ್ರಾಕಿದೆ, ಮುಖ ಇರಬೇಕಾದ ಕಡೆ ಚೌಕಾಕಾರದ ತೂತು. ಆ ವಾರ ಪದಬಂಧ ಸ್ಪರ್ಧೆಗೆ ಮೋಟಾರ್ ಸೈಕಲ್ ಬಹುಮಾನ ಇಟ್ಟಿದ್ದರಂತೆ. ಕೂಪನ್ ಅಚ್ಚಾಗಿದ್ದು ಮುಖಪುಟದ ಬೆನ್ನಿಗೆ, ಸರಿಯಾಗಿ ಪಿಟೀಲಿನ ಮುಖದ ಹಿಂದೆ. ಇನ್ನೂ ಎರಡು ಪ್ರತಿ ಸಿಕ್ಕವು. ಅವುಗಳಲ್ಲೂ ತೂತೇ. ಮೋಟಾರ್ ಸೈಕಲ್ಲಿನ ಆಸೆಗೆ ಮನೆಮನೆಯಲ್ಲೂ ಕತ್ತರಿ ಹಿಡಿದು ಅವಳ ಮುಖ ಕತ್ತರಿಸಿ ಅಂಚೆಗೆ ಹಾಕಿದ್ದಾರೆ. ಆ ಗಾಡಿ ಯಾರಿಗೆ ಬಂತೋ, ಅವರು ಇನ್ನೂ ಓಡಿಸುತ್ತಿದ್ದಾರೋ.

ಕತ್ತರಿ ಬೀಳದ ಪ್ರತಿ ಒಂದೇ ಇತ್ತು, ಲೈಬ್ರರಿಯದು. ಅದು ನನ್ನ ಕೈಯಿಂದಲೇ ಹೋಯಿತು.

ಅವಳು ಹೋಗಿ ಆರು ತಿಂಗಳಾಗಿತ್ತು. ಆ ಅರ್ಧ ವರ್ಷದ ಸಂಚಿಕೆಗಳು ಹೊಲಿಗೆಗೆ ನನ್ನ ಮೇಜಿಗೆ ಬಂದವು. ಒಂದೊಂದೇ ಮುಖಪುಟ ಹರಿಯುತ್ತಾ ಹೋದೆ, ಕಟ್ಟಿನ ನಡುವೆ ಅವಳು ಎದ್ದು ಬಂದಳು, ನಗುತ್ತಾ. ಬುಟ್ಟಿಗೆ ಹಾಕಲು ಕೈ ಬರಲಿಲ್ಲ. ಮನೆಗೆ ತರಲೂ ಆಗಲಿಲ್ಲ. ಒಂಟಿ ಮನುಷ್ಯ, ದಿನಾ ಸಂಜೆ ಬಂದು ಬೀರು ತೆಗೆದರೆ ಅವಳಿರುತ್ತಾಳೆ ಎಂದು ಹೆದರಿಕೆಯಾಯಿತು. ಆ ವರ್ಷ ರಟ್ಟಿಗೆ ಬರಗಾಲ. ರದ್ದಿ ಹಾಳೆಗಳನ್ನೇ ಒಂದರ ಮೇಲೊಂದು ಅಂಟಿಸಿ, ಒತ್ತಿ, ನಾವೇ ರಟ್ಟು ಮಾಡಿಕೊಳ್ಳುತ್ತಿದ್ದೆವು. ಅವಳ ಮುಖಕ್ಕೆ ಅಂಟು ಸವರಿ, ಇನ್ನೊಂದು ಮುಖಪುಟದ ಮೇಲೆ ಮಗುಚಿ ಹಾಕಿ, ಮೇಲೆ ಕೆಳಗೆ ಕಂದು ಹಾಳೆ ಅಂಟಿಸಿ, ಒತ್ತುಯಂತ್ರದ ತಿರುಪು ಬಿಗಿದುಬಿಟ್ಟೆ. ಒಣಗಿದ ಮೇಲೆ ಆ ರಟ್ಟನ್ನು ಬೇರೆ ರಟ್ಟುಗಳ ಜೊತೆ ಕಲೆಸಿಟ್ಟೆ, ಯಾವುದೆಂದು ನನಗೇ ತಿಳಿಯಬಾರದು ಎಂದು. ಅದು ಯಾವುದೋ ಸಂಪುಟಕ್ಕೆ ರಟ್ಟಾಗಿ ಇವತ್ತಿಗೂ ಲೈಬ್ರರಿಯ ಕಪಾಟಿನಲ್ಲಿದೆ.

ಅವಳನ್ನು ಕಣ್ಣಿಗೆ ಬೀಳದ ಹಾಗೆ ಇಟ್ಟೆ, ಅಷ್ಟೇ ಅಕ್ಕಾ. ಕಳೆಯಬೇಕು ಎಂದು ಮಾಡಿದ್ದಲ್ಲ. ನಾಳೆಯೇ ಲೈಬ್ರರಿಗೆ ಹೋಗುತ್ತೇನೆ. ಭಾವನಿಗೆ ಇದನ್ನೆಲ್ಲ ಹೇಳಬೇಡ.

ತಮ್ಮ

*

ಆಗಸ್ಟ್ 20

ತಮ್ಮಾ,

ನಿನ್ನ ಕಾಗದ ಬಂತು. ಉತ್ತರ ತಡವಾಯಿತು.

ಬೈಯಲು ಕೂತೆ, ಬೈಗುಳ ಬರಲಿಲ್ಲ. ನೀನು ಅವಸರ ಮಾಡಬೇಡ. ನಿಧಾನವಾಗಿ, ಒಂದೊಂದಾಗಿ ನೋಡು. ಸಿಕ್ಕರೆ ಸಿಗಲಿ. ಊಟ ತಿಂಡಿ ಬಿಟ್ಟು ಹುಡುಕಬೇಡ, ನಿನಗೂ ವಯಸ್ಸು ಕಮ್ಮಿಯೇನಾಗಿಲ್ಲ.

ಇಲ್ಲಿ ಎಲ್ಲ ಹಾಗೇ ಇದೆ. ನಿನ್ನ ಭಾವ ಈಗ ರೇಡಿಯೋ ಜಾಸ್ತಿ ಕೇಳುತ್ತಾರೆ. ಮೇಜು ಕುರ್ಚಿಗಳನ್ನೆಲ್ಲ ಗೋಡೆಗೆ ಸರಿಸಿದ್ದೇನೆ, ಗುಡಿಸಲು ಸಲೀಸು. ಮಲಗುವ ಕೋಣೆಯಿಂದ ಬಚ್ಚಲಿನವರೆಗೆ ಗೋಡೆಗುಂಟ ಒಂದು ಹಗ್ಗ ಕಟ್ಟಿಸಿದ್ದೇನೆ, ಬಟ್ಟೆ ಒಣಗಲಿಕ್ಕೆ.

ಅಕ್ಕ

*

ಸೆಪ್ಟೆಂಬರ್ 8

ಅಕ್ಕಾ,

ನಿನಗೆ ಕೋಪ ಇಳಿದಿಲ್ಲ ಎಂದು ಕಾಗದದ ಉದ್ದ ನೋಡಿದರೇ ಗೊತ್ತಾಗುತ್ತದೆ. ಬೈದಿದ್ದರೆ ಹಗುರಾಗುತ್ತಿದ್ದೆ. "ಸಿಕ್ಕರೆ ಸಿಗಲಿ" ಎಂದೆಯಲ್ಲ, ಆ ಮಾತು ಎರಡು ದಿನ ನನ್ನನ್ನು ತಿಂದಿತು. ಇರಲಿ. ಮನೆಯೊಳಗೆ ಬಟ್ಟೆ ಒಣಗಿಸಬೇಡ, ಮುಗ್ಗಲು ವಾಸನೆ ಹಿಡಿಯುತ್ತದೆ.

ಲೈಬ್ರರಿಯಲ್ಲಿ ನನ್ನ ಬೈಂಡಿಂಗ್ ಕೋಣೆ ಈಗ ಇಲ್ಲ. ಅಲ್ಲಿ ಒಂದು ಯಂತ್ರ ಇಟ್ಟಿದ್ದಾರೆ. ಹಳೆ ಸಂಪುಟಗಳ ಪುಟಪುಟವನ್ನೂ ಅದರಲ್ಲಿ ಸ್ಕ್ಯಾನ್ ಮಾಡಿ, ಮುಗಿದದ್ದನ್ನು ಕಾಗದದ ಕಾರ್ಖಾನೆಗೆ ಅರೆಯಲು ಕಳಿಸುತ್ತಾರೆ. ಕಂಪ್ಯೂಟರಿನಲ್ಲಿ ಎಲ್ಲ ಪುಟ ಬಂದಿವೆ, ಮುಖಪುಟ ಒಂದೂ ಇಲ್ಲ. ಹೇಗಿರುತ್ತವೆ, ನಾನು ಹರಿದಿದ್ದೇನಲ್ಲ. ಆ ಋತುವಿನಲ್ಲಿ ನಾನು ಕಟ್ಟಿದ್ದು ಅರವತ್ತೊಂದು ಸಂಪುಟ. ಅದರಲ್ಲಿ ಇಪ್ಪತ್ತನಾಲ್ಕು ಹೋದ ವರ್ಷವೇ ಕಾರ್ಖಾನೆಗೆ ಹೋಗಿವೆಯಂತೆ. ಅವಳು ಅದರಲ್ಲಿ ಇದ್ದಳೇನೋ ಎಂದು ಯೋಚಿಸಬಾರದು ಎಂದುಕೊಂಡಿದ್ದೇನೆ, ಅದನ್ನೇ ಯೋಚಿಸುತ್ತಿರುತ್ತೇನೆ.

ಈಗಿನ ಲೈಬ್ರೇರಿಯನ್ ಒಬ್ಬ ಹೆಣ್ಣುಮಗಳು, ನಾನು ನಿವೃತ್ತನಾದ ಮೇಲೆ ಬಂದವಳು. ವಿಷಯ ಕೇಳಿ, "ನೀವೇ ಕಟ್ಟಿದ್ದನ್ನ ನೀವೇ ಕತ್ತರಿಸ್ತೀರಾ?" ಎಂದಳು. ಹೌದು ಎಂದೆ. ಸ್ಕ್ಯಾನ್ ಮುಗಿದ ಸಂಪುಟವನ್ನು ಮಾತ್ರ, ತನ್ನ ಕಣ್ಣೆದುರೇ, ದಿನಕ್ಕೆ ಎರಡೋ ಮೂರೋ ಬಿಚ್ಚಲು ಒಪ್ಪಿದ್ದಾಳೆ. ಯಂತ್ರ ಎಷ್ಟು ಬೇಗ ಓಡಿದರೆ ನಾನು ಅಷ್ಟು ಬೇಗ. ನಡುವೆ ಅದು ಐದು ದಿನ ಕೆಟ್ಟು ನಿಂತಿತ್ತು. ಬಾಗಿಲ ಹತ್ತಿರದ ಬೆಂಚಿನ ಮೇಲೆ ಕೈಚೀಲ ಹಿಡಿದು ಐದು ದಿನವೂ ಕೂತು ಬಂದೆ.

ನನ್ನ ಕೈಕೆಲಸ ಎಷ್ಟು ಗಟ್ಟಿ ಎಂದು ಈಗ ಗೊತ್ತಾಗುತ್ತಿದೆ ಅಕ್ಕಾ. ಒಂದು ದಾರ ಸಡಿಲವಾಗಿಲ್ಲ, ಒಂದು ಮೂಲೆ ಎದ್ದಿಲ್ಲ. ಹೆಮ್ಮೆ ಪಡಬೇಕೋ ತಲೆ ಚಚ್ಚಿಕೊಳ್ಳಬೇಕೋ. ಚಾಕು ಹಾಕಿದಾಗಲೆಲ್ಲ ಯಾರೋ ನನ್ನ ಕೈ ಹಿಂದಕ್ಕೆ ಎಳೆದಂತಾಗುತ್ತದೆ. ಹನ್ನೊಂದು ಆಗಿದೆ. ಎಲ್ಲ ಬರೀ ಕಂದು ಹಾಳೆ.

ಭಾವನಿಗೆ ವರ್ಷದ ಕೊನೆಯವರೆಗೆ ತೊಂದರೆಯಿಲ್ಲ ಎಂದು ಡಾಕ್ಟರೇ ಹೇಳಿದ್ದಾರೆ. ಅಷ್ಟರೊಳಗೆ ಮುಗಿಸುತ್ತೇನೆ. ಔಷಧಿ ತಪ್ಪಿಸದಂತೆ ನೋಡಿಕೋ.

ತಮ್ಮ

*

ಸೆಪ್ಟೆಂಬರ್ 29

ಅಕ್ಕಾ,

ನಿನ್ನ ಉತ್ತರ ಬರಲಿಲ್ಲ. ಬರುವವರೆಗೆ ಕಾಯಲಾರೆ.

ಸಿಕ್ಕಿದ್ದಾಳೆ.

ಇಪ್ಪತ್ತೊಂಬತ್ತನೆಯ ಸಂಪುಟ, ಹಿಂಬದಿಯ ರಟ್ಟು. ಪ್ರತಿ ರಟ್ಟಿನ ಕೆಳಮೂಲೆಯನ್ನು ಒದ್ದೆ ಬಟ್ಟೆಯಿಂದ ನೆನೆಸಿ, ಉಗುರಿನಷ್ಟು ಅಗಲ ಬಿಡಿಸಿ ಒಳಗೇನಿದೆ ಎಂದು ನೋಡುತ್ತಿದ್ದೆ. ಇದರಲ್ಲಿ ಕಿತ್ತಳೆ ಬಣ್ಣ ಕಂಡಿತು. ಬಾತುಕೋಳಿಯ ಕಾಲು, ಮೂರು ಬೆರಳು, ನಡುವಿನ ಜಾಲರಿ ಸಮೇತ. ನಾನು ಕೂಗಿಕೊಂಡೆನಂತೆ. ಲೈಬ್ರೇರಿಯನ್ ಎದ್ದು ಬಂದು ನನ್ನ ಬೆನ್ನಿನ ಮೇಲೆ ಕೈ ಇಟ್ಟಳು.

ಇಲ್ಲಿಗೆ ನಿಲ್ಲಿಸಿದರೆ ಎಷ್ಟು ಚೆನ್ನಾಗಿತ್ತು.

ಅವಳು ಹೊರಗೆ ಬರುವುದಿಲ್ಲ ಅಕ್ಕಾ. ಆ ಮೂಲೆಗೆ ಅಂಟು ಸರಿಯಾಗಿ ತಾಗಿರಲಿಲ್ಲ, ಅದಕ್ಕೇ ಅಷ್ಟಾದರೂ ಎದ್ದಿತು. ಮುಖಪುಟಕ್ಕೆ ಬಳಸುತ್ತಿದ್ದದ್ದು ಮಿರಿಮಿರಿ ಮಿನುಗುವ ನುಣುಪು ಕಾಗದ. ಅಂಥ ಎರಡು ಹಾಳೆ ಮುಖಕ್ಕೆ ಮುಖ ಹಚ್ಚಿ, ಒದ್ದೆಯಲ್ಲಿ ಒತ್ತಿ ಒಣಗಿಸಿದರೆ ಎರಡೂ ಒಂದೇ ಆಗಿಬಿಡುತ್ತವೆ. ಬೈಂಡರ್ ಆದವನಿಗೆ ಇದು ಗೊತ್ತಿರಬೇಕು. ಗೊತ್ತಿತ್ತು. ಅವತ್ತು ತಲೆಯಲ್ಲಿ ಏನೂ ಇರಲಿಲ್ಲ. ಪರೀಕ್ಷೆ ಮಾಡೋಣವೆಂದು ನನ್ನ ಸಂಗ್ರಹದ ಬೇರೆ ಎರಡು ಮುಖಪುಟಗಳನ್ನು ಹಾಗೇ ಅಂಟಿಸಿ ಒಣಗಿಸಿ ಬಿಡಿಸಿ ನೋಡಿದೆ. ನೀರಿನಲ್ಲಿ ನೆನೆಸಿದೆ, ಹಬೆ ಹಿಡಿದೆ. ಬಣ್ಣವೆಲ್ಲ ಸಿಪ್ಪೆಯ ಹಾಗೆ ಎದ್ದು ಪುಡಿಯಾಯಿತು, ಉಳಿದದ್ದು ಬಿಳಿ ಕಾಗದ.

ಹಳೆ ಕಾಗದ ರಿಪೇರಿ ಮಾಡುವುದರಲ್ಲಿ ಹೆಸರಾದ ಒಬ್ಬಾಕೆ ಇದ್ದಾಳೆ, ದೊಡ್ಡ ಮ್ಯೂಸಿಯಂನಲ್ಲಿ ಕೆಲಸ. ಗೆದ್ದಲಿನ ಜೊತೆ ಅವಳಲ್ಲಿಗೂ ಹೋದೆ. ದೀಪದ ಕೆಳಗೆ ತಿರುವಿ ತಿರುವಿ ನೋಡಿ ತಲೆಯಾಡಿಸಿದಳು. "ಯಾರು ಅಂಟಿಸಿದ್ದು ಇದನ್ನ? ಒಳ್ಳೆ ಕೆಲಸಗಾರ" ಎಂದಳು. ಗೆದ್ದಲು ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ.

ರಟ್ಟನ್ನು ಹಾಗೇ ಕಳಿಸುತ್ತಿದ್ದೇನೆ. ಭಾವನನ್ನು ಕೇಳಿ ಹೇಳು. ಬಿಡಿಸು ಎಂದರೆ ಬಂದು ಅವರೆದುರೇ ಬಿಡಿಸುತ್ತೇನೆ. ನೂರಕ್ಕೆ ತೊಂಬತ್ತು ಪಾಲು ಮುಖ ಉಳಿಯುವುದಿಲ್ಲ. ಹತ್ತು ಪಾಲಿನ ಆಸೆಯ ಮೇಲೆ ಕೈ ಹಾಕಲೋ ಬೇಡವೋ, ನನಗೆ ತೀರ್ಮಾನ ಮಾಡಲಾಗುತ್ತಿಲ್ಲ. ಅವರ ಕಣ್ಣಿನಲ್ಲಿ ಬೆಳಕಿರುವಾಗಲೇ ಹೇಳಿಬಿಡಿ.

ತಮ್ಮ

*

ಅಕ್ಟೋಬರ್ 16

ತಮ್ಮಾ,

ರಟ್ಟು ಬಂತು.

ಮೊದಲು ನಿನಗೆ ಹೇಳದ ವಿಷಯ. ನಿನ್ನ ಭಾವನಿಗೆ ಆಗಸ್ಟ್ ಹನ್ನೊಂದರಿಂದ ಏನೂ ಕಾಣುವುದಿಲ್ಲ. ಅವತ್ತು ಎದ್ದವರು, "ಇನ್ನೂ ಬೆಳಗಾಗಿಲ್ವೇನೇ?" ಎಂದು ಕೇಳಿದರು. ಒಂಬತ್ತು ಗಂಟೆಯಾಗಿತ್ತು, ಬಿಸಿಲು ಅವರ ಮುಖದ ಮೇಲೇ ಬಿದ್ದಿತ್ತು. ರಟ್ಟಿನ ವಿಷಯ ಒಪ್ಪಿಕೊಂಡು ಬರೆದ ನಿನ್ನ ಕಾಗದ ಬಂದದ್ದು ಅದೇ ದಿನ ಮಧ್ಯಾಹ್ನ. ಇನ್ನು ಹುಡುಕಬೇಡ ಎಂದು ಬರೆಯಬೇಕಿತ್ತು. ಬರೆದರೆ ನೀನು ಜೀವಮಾನವಿಡೀ ತಲೆ ಚಚ್ಚಿಕೊಳ್ಳುತ್ತೀಯ ಎಂದು ಬರೆಯಲಿಲ್ಲ. ಹಗ್ಗ ಬಟ್ಟೆಗೆ ಕಟ್ಟಿದ್ದಲ್ಲ.

ಈ ಸಲ ನಿನ್ನ ಕಾಗದವನ್ನು ಪೂರ್ತಿ ಅವರಿಗೆ ಓದಿ ಹೇಳಿದೆ, ಹಿಂದಿನವುಗಳನ್ನೂ ಸೇರಿಸಿ. ಒಂದಕ್ಷರ ಮುಚ್ಚಿಡಲಿಲ್ಲ. ಮುಖ ಕತ್ತರಿಸಿ ಮೋಟಾರ್ ಸೈಕಲ್ಲಿಗೆ ಕಳಿಸಿದ ಕತೆಗೆ ನಕ್ಕೇ ನಕ್ಕರು, ಕಣ್ಣಿನಿಂದ ನೀರು ಬಂತು. ಆ ಕೆಲಸವನ್ನಾದರೂ ಕಣ್ಣು ಇನ್ನೂ ಮಾಡುತ್ತದೆ.

ಆಮೇಲೆ ರಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಅಂಚಿನ ಮೇಲೆ ಹೆಬ್ಬೆರಳು ಓಡಿಸಿದರು. ನೀನು ಬಿಡಿಸಿದ ಮೂಲೆ ಸಿಕ್ಕಿತು. "ಕಾಲು ಇಲ್ಲಿದೆ ಅಂದ್ರೆ, ಫ್ರಾಕಿನ ಅಂಚು ಇಲ್ಲಿ. ಕೊಕ್ಕು ಇಲ್ಲಿ. ಅವಳ ಕೈ ಇಲ್ಲಿ" ಎಂದು ಗೇಣು ಹಾಕುತ್ತಾ ಮೇಲೆ ಬಂದು, ಒಂದು ಕಡೆ ಅಂಗೈ ಊರಿ, "ಮುಖ ಇಲ್ಲಿ" ಎಂದರು. ಕೈ ತೆಗೆಯಲಿಲ್ಲ. ಬಿಡಿಸುವುದೋ ಬೇಡವೋ ಎಂದು ಕೇಳಿದೆ. "ಯಾಕೆ? ಮೂವತ್ತನಾಲ್ಕು ವರ್ಷ ಬೆಳಕೇ ಬಿದ್ದಿಲ್ಲ ಅಂದ್ಮೇಲೆ ಬಣ್ಣ ಒಂಚೂರೂ ಮಾಸಿರಲ್ಲ. ಆ ಹಳದಿ ಹಾಗೇ ಇರತ್ತೆ. ಮುಟ್ಟಬೇಡ ಅಂತ ಹೇಳು ಅವನಿಗೆ" ಎಂದರು. ಈಗ ಹೊರಗಿನ ಕೋಣೆಗೆ ಹೋದರೂ ಹಗ್ಗ ಹಿಡಿದು ಬಚ್ಚಲಿಗೆ ಹೋದರೂ ರಟ್ಟು ಕಂಕುಳಲ್ಲೇ ಇರುತ್ತದೆ. ಅವರಿಗೆ ಮಗಳು ಸಿಕ್ಕಿದ್ದಾಳೆ. ನಿನ್ನ ಮೇಲೆ ಅವರಿಗೆ ಎಳ್ಳಷ್ಟೂ ಬೇಸರವಿಲ್ಲ, ಇದನ್ನು ನಂಬು.

ಇನ್ನು ನನ್ನದು. ಅವರು ಅವಳನ್ನು ಬರೆದ ಹಾಳೆಗಳು ಮನೆ ಬದಲಾಯಿಸುವಾಗ ಕಳೆದದ್ದಲ್ಲ. ಅವಳು ಹೋದ ಮುಂದಿನ ತಿಂಗಳು, ಅವರು ಆಫೀಸಿಗೆ ಹೋದ ಹೊತ್ತಿನಲ್ಲಿ, ಎಲ್ಲವನ್ನೂ ಒಲೆಗೆ ಹಾಕಿದೆ. ನಮ್ಮ ಮನೆಯಲ್ಲಿದ್ದ ಆ ಮುಖಪುಟವನ್ನೂ. ಕಣ್ಣಿಗೆ ಬೀಳದಿದ್ದರೆ ಸಂಕಟ ಕಡಿಮೆಯಾಗುತ್ತದೆ ಎಂದುಕೊಂಡೆ, ನಿನ್ನ ಹಾಗೆಯೇ. ನೀನಾದರೂ ಅಂಟಿಸಿಟ್ಟೆ. ಇದನ್ನು ಅವರಿಗೆ ಇವತ್ತಿಗೂ ಹೇಳಿಲ್ಲ.

ಜೂನಿನಿಂದ ಡಾಕ್ಟರು, ನೀನು, ನಾನು ಎಲ್ಲರೂ ಅವರ ಕಣ್ಣಿನ ಮಾತೇ ಆಡಿದೆವು. ನನ್ನ ಕಣ್ಣು ಸರಿಯಾಗಿದೆ ತಮ್ಮಾ. ಇವತ್ತಿಗೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತೇನೆ. ನನಗೂ ಅವಳನ್ನು ನೋಡಬೇಕು. ಅವರಿಗೆ ಅವಳ ಮುಖ ಕೈಯಲ್ಲಿದೆ, ಅಳತೆ ಸಮೇತ. ನನಗೆ ಮರೆತುಹೋಗಿದೆ. ಜುಲೈಯಲ್ಲಿ ನೀನು ಕಳಿಸಿದ್ದು ಪಿಟೀಲಲ್ಲ ಎಂದು ನನಗೆ ಗೊತ್ತಾದದ್ದು ಹಲ್ಲಿನಿಂದ ಮತ್ತು ತಾರೀಕಿನಿಂದ. ಮುಖದಿಂದಲ್ಲ.

ಮಧ್ಯಾಹ್ನ ಅವರು ಮಲಗಿದಾಗ ರಟ್ಟನ್ನು ಮೆಲ್ಲಗೆ ಎಳೆದುಕೊಂಡು ಕಿಟಕಿಯ ಹತ್ತಿರ ಹೋಗುತ್ತೇನೆ. ಬೆಳಕಿಗೆ ಹಿಡಿದರೆ ಏನೂ ಕಾಣುವುದಿಲ್ಲ, ದಪ್ಪ ರಟ್ಟು. ಆ ಕಾಲು ಮಾತ್ರ. ಎರಡು ಸಲ ಮೂಲೆಯ ಕೆಳಗೆ ಉಗುರು ಹಾಕಿದ್ದೇನೆ. ನಿನ್ನೆ ಒಂದು ಎಳೆಯಷ್ಟು ಮೇಲೆದ್ದಿತು, ಕಾಲಿನ ಪಕ್ಕದ ಕಿತ್ತಳೆ ಬಣ್ಣ ನನ್ನ ಉಗುರಿಗೆ ಪುಡಿಯಾಗಿ ಬಂತು. ಕೈ ತೊಳೆಯಲು ಮನಸ್ಸಾಗದೆ ಸಂಜೆಯವರೆಗೆ ಹಾಗೇ ಇದ್ದೆ.

ನೀನು ಸದ್ಯಕ್ಕೆ ಇಲ್ಲಿಗೆ ಬರಬೇಡ. ಬಂದರೆ ನಾನು ಬಿಡಿಸು ಎಂದುಬಿಡುತ್ತೇನೆ.

ಅಕ್ಕ